ಒಗೆಯಬೇಡ ಅಕ್ಕ

ಜುಲೈ ೭, ಭಾನುವಾರ
ಹಾಸ್ಟೆಲ್ಲಿನ ಬಟ್ಟೆ ಒಗೆಯುವ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಭಾವನವರಿಗೂ ತಿಳಿಸು. ತಲುಪಿದ ಕೂಡಲೇ ಕಾಗದ ಬರೆಯುತ್ತೇನೆಂದು ವಿಮಾನ ನಿಲ್ದಾಣದಲ್ಲಿ ದೊಡ್ಡದಾಗಿ ಹೇಳಿ ಬಂದವಳು ಈಗ ಕೂತಿದ್ದೇನೆ. ತಡವಾಯಿತು, ಬೈಯಬೇಡ. ದಿನಾ ಫೋನಿನಲ್ಲಿ ಮಾತಾಡುವವರಿಗೆ ಕಾಗದ ಬೇರೆ ಕೇಡು ಎಂದು ಭಾವ ನಗುವುದು ಇಲ್ಲಿಗೇ ಕೇಳಿಸುತ್ತಿದೆ. ಆದರೆ ಫೋನಿನಲ್ಲಿ ನೀನು "ಹೇಗಿದ್ದೀಯೇ?" ಅನ್ನುತ್ತೀಯ, ನಾನು "ಚೆನ್ನಾಗಿದ್ದೀನಿ" ಅನ್ನುತ್ತೇನೆ. ನಿನ್ನ ಮಡಿಲಲ್ಲಿ ಬಿಟ್ಟುಬಂದ ಮಗಳ ಬಗ್ಗೆ ನಾನು "ಕಡ್ಲೆ?" ಅನ್ನುತ್ತೇನೆ, ನೀನು "ಚೆನ್ನಾಗಿದ್ದಾಳೆ" ಅನ್ನುತ್ತೀಯ. ಒಬ್ಬರಿಗೊಬ್ಬರು ಅಂಜಿಕೊಂಡು ಮಾತು ಮುಗಿಸುತ್ತೇವೆ. ಅದೂ ಅಲ್ಲದೆ ಈ ಕಾಗದದ ಜೊತೆ ಒಂದು ಪೊಟ್ಟಣವಿದೆ. ಬಿಚ್ಚುವ ಮೊದಲು ಇದನ್ನು ಪೂರ್ತಿ ಓದು. ನಿನ್ನ ಕೈ ಎಷ್ಟು ಚುರುಕು ಅಂತ ನನಗೆ ಗೊತ್ತು.

ಇಲ್ಲಿಯ ಸಮಾಚಾರ ಮೊದಲು ಹೇಳಿಬಿಡುತ್ತೇನೆ. ಕೋಣೆ ಚಿಕ್ಕದು. ಎರಡು ಮಂಚ, ಎರಡು ಮೇಜು, ಒಂದೇ ಕಿಟಕಿ. ಬಾಗಿಲು ತನ್ನಷ್ಟಕ್ಕೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಮೊದಲ ದಿನವೇ ಮುಖ ತೊಳೆಯಲು ಹೊರಗೆ ಹೋದವಳು ಒದ್ದೆ ಮುಖದಲ್ಲಿ, ಬರಿಗಾಲಲ್ಲಿ, ನೈಟಿಯಲ್ಲಿ ಕಾರಿಡಾರಿನಲ್ಲಿ ನಿಂತುಬಿಟ್ಟೆ. ಕಾವಲುಗಾರ ಬಂದು ತೆಗೆದುಕೊಟ್ಟು ಏನೋ ಹೇಳಿದ. "ಎಲ್ಲರಿಗೂ ಒಂದ್ಸಲ ಆಗತ್ತೆ" ಅಂದನೋ, "ಎಂಥೆಂಥವರನ್ನ ಕಳಿಸ್ತಾರಪ್ಪಾ" ಅಂದನೋ, ನಕ್ಕು ಒಳಗೆ ಬಂದೆ. ಸಂಜೆ ಊಟ ಮುಗಿದು ಎಷ್ಟೋ ಹೊತ್ತಾದರೂ ಹೊರಗೆ ಬೆಳಕು ಹೋಗುವುದೇ ಇಲ್ಲ. ಹಕ್ಕಿಗಳೂ ಕೂಗುತ್ತಲೇ ಇರುತ್ತವೆ. ನಿದ್ದೆ ಬರುವುದಿಲ್ಲ ಅನ್ನುವುದಕ್ಕೆ ಒಳ್ಳೆಯ ನೆಪ ಸಿಕ್ಕಿದೆ. ಕೇಳಿದವರಿಗೆಲ್ಲ ಬೆಳಕಿನ ಮೇಲೆ ಹಾಕುತ್ತೇನೆ.

ನನ್ನ ಕೋಣೆಯವಳಿಗೆ ನಾನಿಟ್ಟ ಹೆಸರು ಕಿಟಕಿ ಮೇಡಂ. ಬೇರೆ ಯಾವುದೋ ದೇಶದವಳು, ನಿನ್ನ ವಯಸ್ಸಿರಬಹುದು, ಅಲ್ಲಿನ ಒಂದು ಮ್ಯೂಸಿಯಮ್ಮಿನಲ್ಲಿ ಕೆಲಸ. ಗಾಳಿ ಇಲ್ಲದಿದ್ದರೆ ಸತ್ತೇ ಹೋಗುತ್ತೇನೆಂಬಂತೆ ಕಿಟಕಿ ತೆರೆಯುತ್ತಾಳೆ, ನಾನು ಮುಚ್ಚುತ್ತೇನೆ. ಇಬ್ಬರಿಗೂ ಅರೆಬರೆ ಇಂಗ್ಲಿಷು, ಹಾಗಾಗಿ ಜಗಳಕ್ಕೂ ದಾರಿಯಿಲ್ಲ. ಮೂರ್ಹೊತ್ತೂ ಒಂದೇ ಕುರ್ತಾದಲ್ಲಿರುವ ನನ್ನನ್ನು ನೋಡಿ ನೋಡಿ ಮೊನ್ನೆ ತನ್ನ ಪೆಟ್ಟಿಗೆ ತೆರೆದು ಕರೆದಳು. "ನಿನ್ನ ಸಾಮಾನು ಇನ್ನೂ ಬಂದಿಲ್ವಾ? ನಾಚ್ಕೋಬೇಡ, ನನ್ನ ಬಟ್ಟೆ ಹಾಕ್ಕೋ." ಅವಳ ಅಂಗಿಯೊಳಗೆ ನನ್ನಂಥವರು ಇಬ್ಬರು ಸಂಸಾರ ಮಾಡಬಹುದು. ನಗು ಬಂತು. ಹಿಂದೆಯೇ ಅಳುವೂ ಬಂತು. ಕುರ್ತಾದ ಕಥೆ ಆಗ ಅವಳಿಗೆ ಹೇಳಬೇಕಾಯಿತು. ಈಗ ನಿನಗೂ ಹೇಳಬೇಕು.

ನಾನು ಹೊರಡುವಾಗ ಎರಡು ನೈಟಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ನಿನ್ನ ಕೈಗೆ ಕೊಟ್ಟಿದ್ದೆನಲ್ಲ. ನಾನು ವಾರವಿಡೀ ತೊಟ್ಟು ಮಲಗಿದ್ದವು, ಒಗೆದಿರಲಿಲ್ಲ. "ಕಡ್ಲೆ ಮಲಗೋವಾಗ ಒಂದನ್ನ ಕೆಳಗೆ ಹಾಸು, ವಾಸನೆ ಹೋದ ಮೇಲೆ ಇನ್ನೊಂದನ್ನ ತೆಗಿ" ಅಂದಿದ್ದೆ. ನಿನ್ನ ಮುಖದಲ್ಲಿ ಆಗಲೇ ಒಂದು ಗಂಟು ಬಿದ್ದಿತ್ತು. ಒಗೆಯದ ಬಟ್ಟೆ ಮನೆಯಲ್ಲಿದ್ದರೆ ನಿನಗೆ ಅನ್ನ ಸೇರುವುದಿಲ್ಲ. ಚಿಕ್ಕಂದಿನಲ್ಲಿ ನಾನು ಕೂತಲ್ಲೇ ನನ್ನ ಲಂಗ ಎಳೆದುಕೊಂಡು ಹೋಗಿ ಒಗೆಯುತ್ತಿದ್ದವಳು ನೀನು. ಆದರೂ "ಸರಿ ಕಣೇ" ಅಂದೆ. ನಾನು ಬಂದ ಮೂರನೇ ದಿನ ಫೋನಿನಲ್ಲಿ ಬೇರೇನೋ ಹೇಳುತ್ತಾ ನಡುವೆ ನೀನು ಹೇಳಿಬಿಟ್ಟೆ: "ನಿನ್ನ ನೈಟಿ ಎರಡೂ ಒಗ್ದು ಹಾಕ್ದೆ ಕಣೇ. ಒಂದರ ಮೇಲೆ ಹಾಲು ಕಕ್ಕಿದ್ಲು, ಇನ್ನೊಂದೂ ಜೊತೇಲೇ ಹೋಗ್ಲಿ ಅಂತ. ಬಿಸಿಲಿಗೆ ಗರಿಗರಿ ಒಣಗಿದೆ." ನಿನ್ನ ದನಿಯಲ್ಲಿ ಎಷ್ಟು ಸಂತೋಷ! ನಾನು "ಒಳ್ಳೇದಾಯ್ತು ಬಿಡು" ಅಂದೆ. ಫೋನಿಟ್ಟ ಮೇಲೆ ಮಂಚದ ಕಂಬಿ ಹಿಡಿದುಕೊಂಡು ಕೂತಿದ್ದೆ. ಸಿಟ್ಟಲ್ಲ ಅಕ್ಕ. ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು.

ನೀವೆಲ್ಲ ಸೇರಿ ಮಾಡಿದ ತೀರ್ಮಾನವೂ ಇದೆಯಲ್ಲ, ಮಗುವಿನ ಎದುರು ವಿಡಿಯೋ ಕಾಲ್ ಬೇಡ ಅಂತ. ತಪ್ಪು ಅನ್ನಲಾರೆ. ಮೊದಲ ದಿನ ಪರದೆಯಲ್ಲಿ ನನ್ನನ್ನು ನೋಡಿ ನಕ್ಕವಳು ಫೋನಿನ ಹಿಂದೆ ಬಗ್ಗಿ ನನ್ನನ್ನು ಹುಡುಕಿದಳು. ಅಲ್ಲಿ ನಿನ್ನ ಬೆರಳುಗಳು ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಈಚೆ ಬಂದು ನೋಡಿದಳು, ಮತ್ತೆ ಆಚೆ. ಆಮೇಲೆ ಬಾಯಿ ಸೊಟ್ಟಗೆ ಮಾಡಿದಳಲ್ಲ, ಅದು ನನಗೆ ಕಣ್ಣು ಮುಚ್ಚಿದರೂ ತೆರೆದರೂ ಕಾಣುತ್ತದೆ. ಎಷ್ಟೋ ಹೊತ್ತು ಅತ್ತಳೆಂದು ನೀನೇ ಹೇಳಿದೆ. ಅವಳ ಪಾಲಿಗೆ ಈಗ ನನ್ನ ಮುಖವಿಲ್ಲ, ದನಿಯಿಲ್ಲ. ಉಳಿದದ್ದು ಆ ಎರಡು ನೈಟಿ. ಅವೂ ಗರಿಗರಿ ಒಣಗಿವೆ.

ಇನ್ನು ನಮ್ಮ ಶಾಲೆ. ಹಳೆಯ ಬಟ್ಟೆಗಳನ್ನು ಕಾಪಾಡುವುದನ್ನು ಕಲಿಸುವ ಶಾಲೆಯಲ್ಲಿ ಆರು ವಾರ ಏನು ಕಲಿಸುತ್ತಾರೆ ಅಂತ ಭಾವ ಕೇಳುತ್ತಿದ್ದರಲ್ಲ, ಹೇಳು: ಒಗೆಯದಿರುವುದನ್ನು ಕಲಿಸುತ್ತಾರೆ! ತಮಾಷೆಯಲ್ಲ. ಮೊದಲ ಪಾಠವೇ ಅದು. ನಮ್ಮ ಮೇಷ್ಟರು ತಲೆ ಪೂರ್ತಿ ನರೆತವರು, ಬಟ್ಟೆ ಮುಟ್ಟುವ ಮೊದಲು ಶಸ್ತ್ರಚಿಕಿತ್ಸೆಗೆ ಹೊರಟ ಡಾಕ್ಟರ ಹಾಗೆ ಕೈ ತೊಳೆಯುತ್ತಾರೆ. ಉದ್ದ ಮೇಜಿನ ಮೇಲೆ ಒಂದು ಹಳೇ ಮಗುವಿನ ಅಂಗಿ ಬಿಡಿಸಿಟ್ಟರು. ಕತ್ತಿನ ಹತ್ತಿರ ಹಳದಿ ಕಲೆ. "ಇದನ್ನ ಯಾರ್ಯಾರು ಒಗೀತೀರಿ?" ಅಂತ ಕೇಳಿದರು. ಒಂದಿಬ್ಬರು ಕೈ ಎತ್ತಿದರು. ನೀನಿದ್ದಿದ್ದರೆ ಎರಡೂ ಕೈ ಎತ್ತಿ, ಬಕೆಟ್ಟೂ ತರುತ್ತಿದ್ದೆ. ಮೇಷ್ಟರು ಅಂದರು, "ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು. ಮಡಿಕೆ ತಪ್ಪಿದ್ರೆ ನಿಧಾನಕ್ಕೆ ಸರಿ ಮಾಡಬಹುದು. ಒಗೆದುಬಿಟ್ರೆ ಮಾತ್ರ ಯಾರ ಕೈಲೂ ಏನೂ ಆಗಲ್ಲ." ನೀನು ನೈಟಿ ಒಗೆದ ಸುದ್ದಿ ಬಂದ ಮರುದಿನ ಇದು. ನಾನು ಎದ್ದು ಹೊರಗೆ ಹೋದೆ. ಎದೆಯೂ ಕಟ್ಟಿಕೊಂಡು ಕಲ್ಲಾಗಿತ್ತು. ಬಚ್ಚಲಿನಲ್ಲಿ ಹಾಲು ಹಿಂಡಿ ಚೆಲ್ಲಿದೆ. ಬಿಳೀ ನೀರು ಸುತ್ತುತ್ತಾ ತೂತಿಗೆ ಇಳಿಯುವುದನ್ನು ನೋಡುತ್ತಾ ನಿಂತಿದ್ದೆ. ಅಲ್ಲಿ ಅವಳು ಡಬ್ಬಿ ಹಾಲು ಕುಡಿಯುತ್ತಿದ್ದಾಳೆ, ಇಲ್ಲಿ ಮೋರಿ ಇದನ್ನು ಕುಡಿಯುತ್ತಿದೆ. ಯಾರಿಗೆ ಹೇಳಲಿ?

ವಾಪಸ್ ಬರುವ ಯೋಚನೆ ಮಾಡಲಿಲ್ಲ ಅಂದುಕೊಳ್ಳಬೇಡ. ನಮ್ಮ ಮನೆಯವರಿಗೆ ಫೋನ್ ಮಾಡಿದೆ. "ಅಷ್ಟು ಕಷ್ಟ ಆದ್ರೆ ಬಂದ್ಬಿಡು, ನಾನೇನು ಬೇಡ ಅಂತೀನಾ?" ಅಂದರು. ಬಾ ಅಂದರೂ ಬೇಡ ಅಂದರೂ ಆಗುವ ಮಾತು ಅದು. ಹಿಂದಿನಿಂದ ಅತ್ತೆ, "ಹತ್ತು ತಿಂಗಳ ಕೂಸನ್ನ ಬಿಟ್ಟು ಹೋದವಳು ಹತ್ತು ದಿನಕ್ಕೆ ಬರ್ತಾಳಂತಾ? ಹೋಗೋವಾಗ್ಲೇ ಯೋಚ್ನೆ ಮಾಡ್ಬೇಕಿತ್ತು" ಅಂದದ್ದೂ ಕೇಳಿಸಿತು. ನನ್ನನ್ನು ಈ ತರಬೇತಿಗೆ ಕಳಿಸಿದ ಆಫೀಸಿನಲ್ಲಿ ಸಾಹೇಬರು ಕೊನೆಯವರೆಗೂ "ಮಗು ಚಿಕ್ಕದು, ಆಮೇಲೆ ಅರ್ಧಕ್ಕೇ ಬಂದ್ಬಿಟ್ರೆ ನನ್ನ ಮುಖ ಏನಾಗ್ಬೇಕು?" ಅನ್ನುತ್ತಿದ್ದರು. ನಾನು ಈಗ ಬಂದರೆ ನನ್ನ ಹಿಂದೆ ಕಾಯುತ್ತಿರುವ ಹುಡುಗಿಯರಿಗೂ ಬಾಗಿಲು ಮುಚ್ಚುತ್ತದೆ. ಇಲ್ಲಿಯ ಬಾಗಿಲಿನ ಹಾಗೆ, ತನ್ನಷ್ಟಕ್ಕೆ ತಾನೇ.

ಆದ್ದರಿಂದ ನನ್ನ ಕೈಲಾದದ್ದು ಇಷ್ಟೇ. ಹಸಿರು ಕುರ್ತಾ ಹಾಕಿಕೊಂಡೆ, ತೆಗೆಯಲೇ ಇಲ್ಲ. ಹಗಲು ಬಿಳೀ ಕೋಟಿನ ಒಳಗೆ, ರಾತ್ರಿ ಹೊದಿಕೆಯ ಒಳಗೆ. ಇಲ್ಲಿಯ ಸೋಪು ಹೂವಿನಂಗಡಿಯ ಹಾಗೆ ಗಮ್ಮೆನ್ನುತ್ತದೆ, ಅದನ್ನು ಮುಟ್ಟಲಿಲ್ಲ. ಮನೆಯಿಂದ ತಂದ ಸೋಪನ್ನೇ ಸಣ್ಣ ತುಂಡು ಮಾಡಿ ಬಳಸಿದೆ. ಹಾಲು ಸೋರಿದ್ದನ್ನೂ ಒರೆಸಲಿಲ್ಲ. ಕಿಟಕಿ ಮೇಡಂ ಇದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಎದ್ದುಹೋಗಿ ಕಿಟಕಿ ಮುಚ್ಚಿದಳು. "ಮೊದ್ಲೇ ಹೇಳ್ಬಾರ್ದಿತ್ತಾ? ನಿನ್ನ ವಾಸನೆನೆಲ್ಲ ನಾನೇ ಹೊರಗೆ ಓಡಿಸ್ತಿದ್ನಲ್ಲ" ಅಂದಳು. ಪಾಪ, ಅವತ್ತಿನಿಂದ ಬೆವರುತ್ತಾ ಮಲಗುತ್ತಾಳೆ.

ಈಗ ಒಗೆಯುವ ಕೋಣೆಯಲ್ಲಿ ಕೂತಿದ್ದೇನೆ. ಯಂತ್ರದಲ್ಲಿ ಉಳಿದೆಲ್ಲ ಬಟ್ಟೆ ತಿರುಗುತ್ತಿದೆ, ಕುರ್ತಾ ಮಾತ್ರ ಮಡಿಲಲ್ಲಿದೆ. ಮೇಷ್ಟರು ಕಲಿಸಿದ ಹಾಗೆಯೇ ಮಡಿಸದೆ ಸುತ್ತಿ, ತೆಳು ಕಾಗದದಲ್ಲಿ ಹೊದಿಸಿ ಕಳಿಸುತ್ತೇನೆ. ಅವಳು ಮಲಗುವ ಹೊತ್ತಿಗೆ ಸರಿಯಾಗಿ ಬಿಚ್ಚು, ಮೊದಲೇ ಬಿಚ್ಚಿ ಗಾಳಿಗೆ ಹಿಡಿಯಬೇಡ. ಎದೆಯ ಭಾಗ ಅವಳ ಕೆನ್ನೆಯ ಕೆಳಗೆ ಬರಲಿ. ಅವಳು ರಾತ್ರಿಯಿಡೀ ನಿದ್ದೆ ಮಾಡುತ್ತಾಳೆಂದು ನೀನು ದಿನಾ ಹೇಳುತ್ತೀಯ. ನನ್ನ ಸಮಾಧಾನಕ್ಕೆ ಹೇಳುತ್ತೀಯ ಅಂತ ಗೊತ್ತು. ನನ್ನ ಮೈಗೆ ಅಂಟದೆ ಒಂದು ದಿನವೂ ಮಲಗಿದವಳಲ್ಲ. ಎದ್ದು ಹುಡುಕುತ್ತಿರುತ್ತಾಳೆ, ನೀನು ಎತ್ತಿಕೊಂಡು ಓಡಾಡುತ್ತಿರುತ್ತೀಯ, ಬೆಳಿಗ್ಗೆ ನನಗೆ ಸುಳ್ಳು ಹೇಳುತ್ತೀಯ. ನಿನ್ನ ಸೊಂಟ ಮೊದಲೇ ಸರಿಯಿಲ್ಲ. ಈ ಋಣ ಹೇಗೆ ತೀರಿಸಲಿ ಅಕ್ಕ?

ಯಂತ್ರ ನಿಂತಿತು. ಅದಕ್ಕಾಗಿ ಯಾರೋ ಕಾಯುತ್ತಿದ್ದಾರೆ, ಏಳಬೇಕು. ನಮ್ಮ ಕಡ್ಲೆ ಚೆನ್ನಾಗಿರಲಿ, ಬೆಳೆಯಲಿ. ನಿನ್ನ ಸೊಂಟಕ್ಕೆ ಬಲ ಬರಲಿ. ಭಾವನ ನಗು ಹೀಗೇ ಇರಲಿ, ಅದು ನಿಮ್ಮನೆಯ ದೀಪ. ನನ್ನ ತಲೆಯ ಮೇಲೆ ಅಲ್ಲಿಂದಲೇ ಒಮ್ಮೆ ಕೈಯಿಡು.

ಇತಿ,
ನಿನ್ನ ತಂಗಿ

ಸೋಮವಾರ, ಅಂಚೆ ಕಚೇರಿಯ ಸಾಲಿನಲ್ಲಿ ನಿಂತು: ನನ್ನ ಮುಂದಿನವನ ಪೆಟ್ಟಿಗೆಗೆ ಗುಮಾಸ್ತೆ ಇನ್ನೂ ಅಂಟುಪಟ್ಟಿ ಸುತ್ತುತ್ತಿದ್ದಾಳೆ, ಅಷ್ಟರಲ್ಲಿ ಇದನ್ನು ಸೇರಿಸುತ್ತೇನೆ. ನಿನ್ನೆ ಸಂಜೆ ಭಾವ ವಿಡಿಯೋ ಕಾಲ್ ಮಾಡಿ, ಹೊಸ ಫ್ಯಾನ್ ಹಾಕಿದ್ದನ್ನು ತೋರಿಸುತ್ತೇನೆಂದು ಒಳಗೆ ಹೋದರು. ಫ್ಯಾನ್ ತೋರಿಸಿ ಕೈ ಇಳಿಸಿದರು. ಅವಳು ಕಂಡಳು. ನಿನ್ನ ಹಳೇ ನೀಲಿ ಸೀರೆಯ ಮೇಲೆ ಬಾಯಿ ತೆರೆದು ಮಲಗಿದ್ದಳು, ಸೆರಗಿನ ತುದಿ ಮುಷ್ಟಿಯಲ್ಲಿತ್ತು. ನೀನು ಅಡುಗೆಮನೆಯಿಂದ "ರೀ, ಅಲ್ಲೇನ್ರೀ ಮಾಡ್ತಿದ್ದೀರಿ, ಎಬ್ಬಿಸ್ಬೇಡ್ರೀ!" ಅಂತ ಮನೆ ಹಾರಿಹೋಗುವ ಹಾಗೆ ಕೂಗಿದೆ. ಅವಳು ಅಲುಗಲಿಲ್ಲ ಅಕ್ಕ. ಚಮಚ ಬಿದ್ದರೆ ಎದ್ದು ಕೂರುತ್ತಿದ್ದವಳು, ಅಲುಗಲೇ ಇಲ್ಲ.

ನೀನು ಸುಳ್ಳು ಹೇಳುತ್ತಿರಲಿಲ್ಲ. ಈ ಕುರ್ತಾ ಅವಳಿಗೆ ಬೇಕಾಗಿಲ್ಲ.

ಆದರೂ ಕಳಿಸುತ್ತಿದ್ದೇನೆ. ಗುಮಾಸ್ತೆ ಸಾಲಿನಲ್ಲಿದ್ದವರನ್ನೆಲ್ಲ ಒಳಗೇನಿದೆ ಅಂತ ಆಗಲೇ ಕೇಳಿದಳು. "ಹಳೇ ಬಟ್ಟೆ" ಅಂದೆ. "ಒಗೆದದ್ದು ತಾನೇ?" ಅಂದಳು. ಹೌದು ಅಂದುಬಿಟ್ಟೆ. ನೀನು ಒಂದು ಉಪಕಾರ ಮಾಡು. ಎರಡು ರಾತ್ರಿ ಇದನ್ನು ಅವಳ ಕೆಳಗೆ ಹಾಸು. ಜೊಲ್ಲು ಸುರಿಸಲಿ, ಹಾಲು ಕಕ್ಕಲಿ, ಉಚ್ಚೆ ಹೊಯ್ದರೂ ಹೊಯ್ಯಲಿ. ಆಮೇಲೆ ಇದೇ ತೆಳು ಕಾಗದದಲ್ಲಿ ಸುತ್ತಿ ನನಗೆ ವಾಪಸ್ ಕಳಿಸು. ಕೈಸೇರುವ ಹೊತ್ತಿಗೆ ನಾನು ಹೊರಡಲು ಪೆಟ್ಟಿಗೆ ಕಟ್ಟುತ್ತಿರುತ್ತೇನೆ, ಅದೂ ಗೊತ್ತು. ಇಲ್ಲಿ ನಿದ್ದೆ ಬರದಿರುವುದು ನನಗೆ ಅಕ್ಕ.

ಒಗೆಯಬೇಡ.