ಟೀಚರಮ್ಮ ಉಗಿದ ಮಾತ್ರೆ

ಅಮ್ಮಾ,

ಇವತ್ತು ನಿನ್ನ ವೃದ್ಧಾಶ್ರಮಕ್ಕೆ ಮತ್ತೆ ಹೋಗಿದ್ದೆ. ನಾನು ದೂರು ಕೊಟ್ಟ ಮೇಲೆ ಎಲ್ಲ ಸರಿಯಾಗಿದೆ, ಬಂದು ನೋಡಿ ಎಂದು ಮ್ಯಾನೇಜರು ಕರೆದಿದ್ದರು. ಕಿಟಕಿ ಪಕ್ಕದ ನಿನ್ನ ಹಾಸಿಗೆಯಲ್ಲಿ ಈಗ ಟೀಚರಮ್ಮ ಇದ್ದಾರೆ. ಆ ಕಿಟಕಿಗಾಗಿ ದಿನಾ ನಿನ್ನ ಜತೆ ಜಗಳಕ್ಕಿಳಿಯುತ್ತಿದ್ದವರೇ.

ನರ್ಸ್ ಬಂದಳು. ಹೆಸರು ಕೇಳಿ, ಫೋಟೋದ ಜತೆ ಮುಖ ಹೋಲಿಸಿ, ಮಾತ್ರೆ ಕೈಗಿಟ್ಟಳು. ನಾನು ಏನೋ ಕೇಳಹೋದೆ.

"ಮಾತ್ರೆ ಕೊಡೋವಾಗ ಮಾತಾಡಿಸ್ಬೇಡಿ ಮೇಡಂ."

"ನುಂಗಿದೆ ಕಣೇ, ಹೋಗು" ಎಂದರು ಟೀಚರಮ್ಮ.

"ಎಲ್ಲಿ, ಬಾಯಿ ತೆಗೀರಿ ಅಜ್ಜಿ. ನಾಲಿಗೆ ಎತ್ತಿ."

"ನಾನೇನು ಒಂದನೇ ಕ್ಲಾಸಾ? ಎಲ್ಲಾ ಇವಳಿಂದ ಬಂದಿದ್ದು!" ಎಂದು ನನ್ನತ್ತ ಕೈ ತೋರಿಸಿ, ನಾಲಿಗೆಯಡಿಯ ಮಾತ್ರೆಯನ್ನು ಥೂ ಎಂದು ನೆಲಕ್ಕೆ ಉಗಿದರು.

ನಿನ್ನ ಕಾಲದಲ್ಲಿ ಇಡೀ ವಾರದ ಮಾತ್ರೆ ಕೊಟ್ಟಾಯಿತೆಂದು ಸೋಮವಾರವೇ ಸಹಿ ಬೀಳುತ್ತಿತ್ತು. ನೀನು ತೀರಿಕೊಂಡ ಮಾರನೆಯ ದಿನವೂ ಹೃದಯದ ಮಾತ್ರೆ ತಪ್ಪದೆ ನುಂಗಿದ್ದೀಯೆಂದು ದಾಖಲೆ ಹೇಳುತ್ತದೆ. ಮಾತ್ರೆಗಳು ಮಾತ್ರ ಡಬ್ಬಿಯಲ್ಲಿ ಹಾಗೇ ಇದ್ದವು. "ಕೆಲಸದ ಒತ್ತಡ" ಎಂದಿದ್ದರು ಇದೇ ಮ್ಯಾನೇಜರು. ನಾನು ಮರೆತಿಲ್ಲ.

ನರ್ಸ್ ಗೊಣಗಲಿಲ್ಲ. ಬಗ್ಗಿ ಮಾತ್ರೆ ಎತ್ತಿಕೊಂಡಳು, ಉಗಿದದ್ದನ್ನು ಬರೆದುಕೊಂಡಳು, ಹೋಗಿ ಇನ್ನೊಂದು ತಂದಳು. ಅದು ಗಂಟಲಿನಿಂದ ಇಳಿಯುವ ತನಕ ಅವರ ಬೆನ್ನು ಸವರುತ್ತ ನಿಂತು, ಆಮೇಲೆ ಸಹಿ ಹಾಕಿದಳು.

"ಸಮಾಧಾನ ಆಯ್ತಾ ಮೇಡಂ?" ಎಂದು ಮ್ಯಾನೇಜರು ಕೇಳಿದರು.

ಆಯ್ತು ಎಂದೆ. ಬಸ್ ಸ್ಟಾಪಿನವರೆಗೂ ಹೊಟ್ಟೆ ಧಗಧಗ ಉರಿಯುತ್ತಿತ್ತು. ಉಗಿದವರಿಗೆ ಇನ್ನೊಂದು ತಂದುಕೊಟ್ಟರಮ್ಮ. ನೀನು ಒಂದು ದಿನವೂ ಉಗಿದವಳಲ್ಲ.