ಪಂಜಾ ಹೊತ್ತ ಹೆಗಲು

೧೫ ಜುಲೈ ೨೦೨೫, ಮಂಗಳವಾರ

ಇಂಡಿಯಲ್ಲಿ ಮಗಳ ಮನೆಯಲ್ಲಿರುವ ಮಾಬುಬಿ ಅಕ್ಕನಿಗೆ, ಮುದ್ದೇಬಿಹಾಳ ತಾಲೂಕಿನ ನಿನ್ನ ಊರಿನಿಂದ ಸುನಂದಾ ಮಾಡುವ ಶರಣು, ಸಲಾಂ.

ಅಕ್ಕಾ, ನಿನಗೆ ಓದಲು ಬರುವುದಿಲ್ಲ, ಈ ಕಾಗದವನ್ನು ಸಗೀರಾ ಓದಿ ಹೇಳುತ್ತಾಳೆ ಎಂದು ತಿಳಿದೇ ಬರೆಯುತ್ತಿದ್ದೇನೆ. ಸಗೀರಾ, ನೀನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಓದುವ ಹಾಗೆ ನಿಮ್ಮ ಅಮ್ಮನಿಗೆ ಗಟ್ಟಿಯಾಗಿ ಓದವ್ವ. ನಡುವೆ ಸಿಟ್ಟು ಬಂದರೂ ಒಂದು ಸಾಲನ್ನೂ ನುಂಗಬೇಡ. ಫೋನಿನಲ್ಲೇ ಹೇಳಿಬಿಡಬೇಕೆಂದು ಹೋದ ವಾರ ಎರಡು ಸಲ ಮಾಡಿದ್ದೆ. ಆ ಕಡೆಯಿಂದ "ಹಲೋ, ಯಾರ್ರಿ?" ಎಂದು ಅಕ್ಕನ ದನಿ ಕೇಳಿದ ಕೂಡಲೇ ಬಂದ್ ಮಾಡಿದೆ. ಮಾತಿಲ್ಲದ ಆ ಎರಡು ಫೋನು ನನ್ನವೇ.

ಬರುವ ಶುಕ್ರವಾರ ನಮ್ಮೂರ ಗೌಡರು ಇನ್ನಿಬ್ಬರು ಹಿರಿಯರ ಜೊತೆ ನಿಮ್ಮಲ್ಲಿಗೆ ಬರುವವರಿದ್ದಾರೆ. ಸೀರೆ, ಕಾಯಿ, ಸಕ್ಕರೆ ತರುತ್ತಾರೆ. ಆದದ್ದು ಆಯಿತು, ತಿರುಗಿ ಊರಿಗೆ ಬಾ ಎನ್ನುತ್ತಾರೆ. ಅದರ ಜೊತೆ ಒಂದು ಕಥೆಯನ್ನೂ ಹೇಳುತ್ತಾರೆ. ಆ ಕಥೆಗಿಂತ ಮೊದಲು, ನಡೆದದ್ದು ನಡೆದ ಹಾಗೆ ನಿನ್ನ ಕಿವಿಗೆ ಬೀಳಬೇಕು.

ಪಂಜಾ ಕದ್ದವರು ನಮ್ಮ ಮನೆಯವರು ಅಕ್ಕಾ.

ಬರೆದುಬಿಟ್ಟೆ. ಇಷ್ಟು ಬರೆಯಲು ಬೆಳಗಿನಿಂದ ಮೂರು ಹಾಳೆ ಹರಿದಿದ್ದೇನೆ.

ನಾನು ಬಸವನ ಬಾಗೇವಾಡಿಯಿಂದ ಈ ಮನೆಗೆ ಸೊಸೆಯಾಗಿ ಬಂದ ವರ್ಷದ ಮೊಹರಂ ನಿನಗೆ ನೆನಪಿರಬೇಕು. ನಿನ್ನ ಗಂಡ ಮುಲ್ಲಾ ಅವರು ಮಸೂತಿಯ ಮುಂದೆ ಸಕ್ಕರೆ ಓದಿ ಹಂಚುತ್ತಿದ್ದರು. ಇವರು, ಅಂದರೆ ನನ್ನ ಗಂಡ ಶಂಕರೆಪ್ಪ, ಪಂಜಾವನ್ನು, ಆ ಬೆಳ್ಳಿಯ ಹಸ್ತವನ್ನು ಕಟ್ಟಿದ ಗಳವನ್ನು ಹೆಗಲ ಮೇಲೆ ಹೊತ್ತು ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹಾಕುತ್ತ ಬಂದರು. ಕಣ್ಣು ಮೇಲಾಗಿದ್ದವು. ನಾನು ಹೆದರಿ ಬಾಗಿಲ ಹಿಂದೆ ನಿಂತಿದ್ದೆ. ನಮ್ಮತ್ತೆ ಬಾಳಮ್ಮ ನನ್ನ ರಟ್ಟೆ ಹಿಡಿದು ಹೊರಗೆ ಎಳೆದು, "ನಿನ್ನ ಗಂಡನ ಕೊರಳಾಗ ಲಿಂಗ ಐತಿ, ಹೆಗಲ ಮ್ಯಾಲ ಪಂಜಾ ಐತಿ. ಅವೆರಡೂ ಜಗಳಾಡವಲ್ವು, ನಿನಗೇನಾಗೇತಿ? ಹೋಗಿ ಕಾಲಿಗೆ ನೀರು ಹಾಕು" ಎಂದಿದ್ದಳು. ಅವತ್ತು ನೀನು ನನ್ನ ಸೆರಗಿಗೆ ನಾಲ್ಕು ಚೊಂಗೆ ಹಾಕಿದೆ. ಬೆಲ್ಲದ ಆ ರೊಟ್ಟಿ ತಿನ್ನುತ್ತ ನಾನು ಈ ಊರಿನವಳಾದೆ.

ಇವರ ಅಜ್ಜ ಹೊತ್ತಿದ್ದರು, ಅಪ್ಪ ಹೊತ್ತಿದ್ದರು, ಇವರು ಇಪ್ಪತ್ತಾರು ವರ್ಷ ಹೊತ್ತರು. ನಮ್ಮ ಸಂಗಮೇಶ ಒಂದು ವರ್ಷದ ಕೂಸಿದ್ದಾಗ ಜ್ವರ ಇಳಿಯದೆ ಕಣ್ಣು ತೇಲಿಸಿದಾಗ, ನಾನು ಹರಕೆ ಹೊತ್ತದ್ದು ಅದೇ ಪಂಜಾದ ಮುಂದೆ. ಐದು ವರ್ಷ ಪ್ರತಿ ಮೊಹರಂಗೆ ಅವನನ್ನು ಫಕೀರನನ್ನಾಗಿ ಮಾಡಿ, ಕೊರಳಿಗೆ ಕೆಂಪು ಲಾಡಿ ಕಟ್ಟಿದವಳು ನೀನು. ಆ ವೇಷದ ಅವನ ಫೋಟೋ ನಮ್ಮ ಪಡಸಾಲೆಯ ಗೋಡೆಯ ಮೇಲೆ ಇತ್ತು. ಎರಡು ವರ್ಷದ ಹಿಂದೆ ಸಂಗಮೇಶ ತಾನೇ ಅದನ್ನು ಇಳಿಸಿ ಟ್ರಂಕಿನೊಳಗೆ ಹಾಕಿದ. ಗೆಳೆಯರು ನಗುತ್ತಾರಂತೆ.

ರಾಜಕೀಯದ ಬಗ್ಗೆ ನಾನು ದೊಡ್ಡ ಮಾತು ಆಡುವವಳಲ್ಲ. ಹೋದ ವರ್ಷ ಲೋಕಸಭೆ ಚುನಾವಣೆಯಲ್ಲಿ ನಾವಿಬ್ಬರೂ ಬಿಸಿಲಲ್ಲಿ ಒಂದೇ ಸಾಲಿನಲ್ಲಿ ನಿಂತು ಓಟು ಹಾಕಿದೆವು. ನೀನು ಯಾರಿಗೆ ಹಾಕಿದೆ ಎಂದು ನಾನು ಕೇಳಲಿಲ್ಲ, ನೀನೂ ಕೇಳಲಿಲ್ಲ. ನಾನು ಇವರ ಪಕ್ಷಕ್ಕೇ ಹಾಕಿದೆ. ನಾಳೆ ಚುನಾವಣೆ ಬಂದರೂ ಬಹುಶಃ ಅದಕ್ಕೇ ಹಾಕುತ್ತೇನೆ. ನಿನ್ನ ಮುಂದೆ ಸುಳ್ಳು ಹೇಳಿ ಏನು ಮಾಡಲಿ? ದೇಶ ಗಟ್ಟಿಯಾಗಬೇಕು ಎಂದು ಟೀವಿಯಲ್ಲಿ ಹೇಳಿದಾಗ ನನಗೂ ಎದೆ ಉಬ್ಬುತ್ತದೆ. ಆದರೆ ಆ ಮಾತು ದಿಲ್ಲಿಯಿಂದ ನಡೆದು ಬಂದು ನಮ್ಮ ಪಡಸಾಲೆಯಲ್ಲಿ ಕುಳಿತು, ಯಾರ ಮನೆಯ ಸಕ್ಕರೆ ಯಾರು ತಿನ್ನಬೇಕು ಎಂದು ಕೇಳುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಚುನಾವಣೆಯ ಫಲಿತಾಂಶ ಬಂದ ಮೇಲೆ ತಾಲೂಕಿನ ಮುಖಂಡರೊಬ್ಬರು ನಮ್ಮಲ್ಲಿಗೆ ಬಂದರು. ಇವರಿಗೆ ಜಿಲ್ಲಾ ಪಂಚಾಯಿತಿ ಟಿಕೆಟ್ಟಿನ ಆಸೆ ಇತ್ತು. ನಾನು ಚಹಾ ಒಯ್ದಾಗ ಮುಖಂಡರು ಮೊಬೈಲಿನಲ್ಲಿ ಒಂದು ಫೋಟೋ ತೋರಿಸುತ್ತಿದ್ದರು. ಪಂಜಾ ಹೊತ್ತ ಇವರದೇ ಫೋಟೋ.

"ಶಂಕರೆಪ್ಪನವರ, ಹಬ್ಬ ಬ್ಯಾಡ ಅಂತ ನಾ ಅನ್ನಂಗಿಲ್ಲ. ಊರಿನವರು ಮಾಡ್ಕೊಳ್ಳಲಿ. ನೀವು ಹೊರಬ್ಯಾಡ್ರಿ ಅಷ್ಟ. ಇಂಥಾದ್ದೊಂದು ಮ್ಯಾಲಿನವರ ಕಣ್ಣಿಗೆ ಬಿದ್ರ ಟಿಕೆಟ್ ಮಾತ ಮುಗೀತು."

ಇವರು, "ನಾ ಹೊರಂಗಿಲ್ಲ ಅಂದ್ರ ಊರು ನನಗ ಓಟು ಹಾಕೂದಿಲ್ರಿ" ಎಂದರು. ಮುಖಂಡರು ನಕ್ಕು, ಅದನ್ನು ನೀವೇ ನೋಡಿಕೊಳ್ಳಬೇಕು ಎಂದು ಚಹಾ ಕುಡಿದು ಎದ್ದರು.

ಇವರು ನೋಡಿಕೊಂಡರು. ಪಂಜಾವೇ ಇಲ್ಲದಿದ್ದರೆ ಹೊರುವ ಮಾತೂ ಇಲ್ಲ, ಊರಿಗೂ ಬೇಸರವಿಲ್ಲ. ಹೋದ ವರ್ಷದ ಮೊಹರಂಗೆ ಮುಂಚಿನ ಅಮಾವಾಸ್ಯೆಗೆ ಮೂರು ದಿನ ಇರುವಾಗ, ನಸುಕಿನಲ್ಲಿ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಗೋಣಿತಟ್ಟಿನಲ್ಲಿ ಸುತ್ತಿದ್ದನ್ನು ಹೆಗಲ ಮೇಲಿಟ್ಟುಕೊಂಡು, ಮುಖಕ್ಕೆ ಟವೆಲು ಸುತ್ತಿಕೊಂಡು ಒಬ್ಬರು ಹೊಳೆಯ ದಾರಿ ಹಿಡಿದಿದ್ದರು. ಮುಖ ಕಾಣಲಿಲ್ಲ. ನಾನು ನಡಿಗೆಯಿಂದ ಗುರುತು ಹಿಡಿದೆ. ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಕದ್ದೊಯ್ಯುವಾಗಲೂ ಅವರ ಕಾಲಿಗೆ ಬೇರೆ ನಡಿಗೆ ಬರಲಿಲ್ಲ ಅಕ್ಕಾ. ಅರ್ಧ ತಾಸಿನ ಮೇಲೆ ಧೋತರ ತೋಯಿಸಿಕೊಂಡು ಬಂದು, "ಚಾ ಮಾಡು" ಎಂದರು. ನಾನು ಮಾಡಿಕೊಟ್ಟೆ.

ಮುಂದಿನದು ನಿನಗೆ ಗೊತ್ತು. ಮಸೂತಿಯ ಕೀಲಿ ನಿಮ್ಮ ಬಾಗಿಲ ಗೂಟಕ್ಕೇ ತೂಗುತ್ತಿತ್ತು, ಊರಿಗೆಲ್ಲ ಕಾಣುವ, ಯಾರ ಕೈಗೂ ಸಿಗುವ ಹಾಗೆ. ಆದರೂ ಕೇಳಿದ್ದು ನಿನ್ನನ್ನು. ಸಗೀರಾಳ ಮದುವೆಗೆ ಬೆಳ್ಳಿ ಮಾರಿಕೊಂಡಳು ಎಂಬ ಮಾತು ಎರಡೇ ದಿನದಲ್ಲಿ ಊರು ತುಂಬಿತು. ಚಾವಡಿಯ ಮುಂದೆ ಬಿಸಿಲಲ್ಲಿ ನಿನ್ನನ್ನು ನಿಲ್ಲಿಸಿ, ಮದುವೆಗೆಂದು ಕಟ್ಟಿಟ್ಟ ಟ್ರಂಕು ತಂದು ಬಿಚ್ಚಿದರು. ಸಗೀರಾಳ ಹೊಸ ಬಟ್ಟೆಗಳನ್ನು ಒಂದೊಂದಾಗಿ ಝಾಡಿಸಿದರು. "ನನ್ನ ಗಂಡನ ಗೋರಿ ಮುಟ್ಟಿ ಹೇಳ್ತೇನಿ, ನಾ ಅಲ್ರೆಪಾ" ಎಂದು ನೀನು ಹೇಳಿದೆ. ಆಮೇಲೆ ಹೆಂಗಸರ ಕಡೆ ತಿರುಗಿ, ಅಷ್ಟು ಮಂದಿಯ ನಡುವೆ ನನ್ನನ್ನು ಹುಡುಕಿ ನೋಡಿದೆ. ನಾನು ನನ್ನ ಕಾಲುಂಗುರ ನೋಡಿಕೊಂಡು ನಿಂತಿದ್ದೆ.

ಮದುವೆಯನ್ನು ಊರಲ್ಲಿ ಮಾಡದೆ ಇಂಡಿಗೆ ಹೋಗಿ ಮಾಡಿದಿರಿ. ನೀನು ಅಲ್ಲಿಂದ ಮರಳಲಿಲ್ಲ. ನೀನು ಬಸ್ಸು ಹತ್ತಿದ ದಿನ ನಾನು ಮನೆಯಲ್ಲೇ ಇದ್ದೆ, ಬಾಗಿಲು ಮುಂದಕ್ಕೆ ಮಾಡಿಕೊಂಡು.

ಹೋದ ವರ್ಷ ಹೇಗೋ ಕಳೆಯಿತು. ಈ ವರ್ಷ ಮೊಹರಂ ಚಂದ್ರ ಕಂಡ ಎರಡನೆಯ ದಿನ ಶುರುವಾಯಿತು. ಊರಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿ ತೋಡಲಿಲ್ಲ, ಹಲಗಿ ಬಾರಿಸಲಿಲ್ಲ, ಪಂಜಾ ಕೂರಲಿಲ್ಲ. ಇವರ ಬಲಗೈ ಮಾತ್ರ ನಡುಗತೊಡಗಿತು. ರೊಟ್ಟಿ ಮುರಿಯಲು ಬಾರದಾಯಿತು. ಐದನೆಯ ದಿನ ಮುದ್ದೇಬಿಹಾಳದಲ್ಲಿ ಪಕ್ಷದ ಸಭೆ ಇತ್ತು. ವೇದಿಕೆಯ ಮೇಲೆ ಇವರ ಕೈಗೆ ಮೈಕು ಕೊಟ್ಟರೆ ಅದು ಹಲ್ಲಿಗೆ ಕಟಕಟ ಬಡಿಯಿತಂತೆ. ಮೈಕು ಇಳಿಸಿ, ಮಾತಾಡದೆ ಕುಳಿತರಂತೆ. ವಿಜಯಪುರಕ್ಕೆ ಕರೆದೊಯ್ದೆವು. ತಲೆಯ ಫೋಟೋ ತೆಗೆದು ನೋಡಿದ ಡಾಕ್ಟರು ಏನೂ ದೋಷವಿಲ್ಲ ಎಂದರು. ಸಂಗಮೇಶ, "ಟೆನ್ಷನ್ ಅಷ್ಟ, ಟಿಕೆಟ್ ಆದ ಮ್ಯಾಲ ಎಲ್ಲಾ ಸರಿ ಆಕ್ಕೈತಿ" ಎಂದ.

ಏಳನೆಯ ದಿನ ಮಟಮಟ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದೆ. ದನದ ಕೊಟ್ಟಿಗೆಯಲ್ಲಿ ಇವರು ನಡೆಯುತ್ತಿದ್ದರು. ಮೂರು ಮುಂದೆ, ಒಂದು ಹಿಂದೆ. ಬಲಹೆಗಲು ಭಾರಕ್ಕೆ ಕುಸಿದ ಹಾಗೆ ಕೆಳಗಾಗಿತ್ತು. ಇಲ್ಲದ ಗಳವನ್ನು ಕೈ ಹಿಡಿದಿತ್ತು. ಎತ್ತುಗಳೆರಡೂ ಮೇವು ಬಿಟ್ಟು ಇವರನ್ನೇ ನೋಡುತ್ತಿದ್ದವು. ಅಂಗಿ ಬಿಚ್ಚಿಸಿ ನೋಡಿದರೆ, ಹೆಗಲ ಮೇಲೆ ಗಳ ಒತ್ತಿದ ಕೆಂಪು ಗೆರೆ. ನಾನು ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದೆ. ಯಾರಿಗೂ ಹೇಳಲಿಲ್ಲ. ಜಗುಲಿಯ ಮುಂದೆ ಕುಳಿತು ಲಿಂಗಪೂಜೆ ಮಾಡುವಾಗ ವಿಭೂತಿಯ ವಾಸನೆಯ ನಡುವೆ ಪಂಜಾದ ಮುಂದೆ ಹಾಕುವ ಲೋಬಾನದ ಹೊಗೆ ಮೂಗಿಗೆ ಬರುತ್ತಿತ್ತು. ಅದನ್ನೂ ಹೇಳಲಿಲ್ಲ. ಬಸವಣ್ಣನ ಊರಿನವಳು, ಇಂಥದ್ದಕ್ಕೆ ಹೆದರಬಾರದು ಎಂದು ನನಗೆ ನಾನೇ ಅಂದುಕೊಂಡೆ. ಹೆದರಿಕೆ ಹೋಗಲಿಲ್ಲ.

ಹತ್ತನೆಯ ದಿನ ಭಾನುವಾರ. ಸಂಜೆ ನಾಲ್ಕಕ್ಕೆ, ಬೇರೆ ವರ್ಷವಾದರೆ ಪಂಜಾ ಹೊಳೆಗೆ ಹೋಗುವ ಹೊತ್ತಿಗೆ, ಇವರು ಮಲಗಿದ್ದವರು ಎದ್ದರು. ಬರಿಗಾಲಲ್ಲಿ ಹೊರಗೆ ನಡೆದರು. ಕೀಲಿ ಹಾಕಿದ ಮಸೂತಿಯ ಬಾಗಿಲಿಗೆ ಹಣೆ ಹಚ್ಚಿ, ಅಲ್ಲಿಂದ ಹೊಳೆಯ ಕಡೆ ಹೊರಟರು. ಹೆಗಲ ಮೇಲೆ ಏನೂ ಇಲ್ಲ, ಹೆಜ್ಜೆ ಮಾತ್ರ ಅದೇ. ಮೊದಲು ಹುಡುಗರು ನಗುತ್ತ ಹಿಂದೆ ಬಿದ್ದರು. ಆಮೇಲೆ ಕಟ್ಟೆಯ ಮೇಲಿದ್ದ ಮುದುಕರು ಎದ್ದರು. ಬಾವಿಯ ಓಣಿ ದಾಟುವಾಗ ಅರ್ಧ ಊರೇ ಹಿಂದಿತ್ತು, ಯಾರೂ ನಗುತ್ತಿರಲಿಲ್ಲ. ಆಲಮಟ್ಟಿಯಿಂದ ನೀರು ಬಿಟ್ಟಿದ್ದರಿಂದ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಇವರು ನಡುಮಟ ನೀರಿಗೆ ಇಳಿದು ತಿರುಗಿ ನಿಂತರು.

"ಮಾಬುಬಿ ಕದ್ದಿಲ್ಲ. ನಾ ಕದ್ದೇನಿ. ಇಲ್ಲೇ ಒಗದೇನಿ. ಒಗದು ಒಂದು ವರ್ಷಾತು, ಹೆಗಲ ಮ್ಯಾಲಿಂದ ಇನ್ನೂ ಇಳಿವಲ್ದು."

ಸಂಗಮೇಶ ನೀರಿಗೆ ಹಾರಿ ಅವರ ಕೈ ಹಿಡಿದು ಎಳೆದ. "ಅಪ್ಪಾ, ಬಾಯಿ ಮುಚ್ಚು. ಮಂದಿ ವಿಡಿಯೋ ಮಾಡಾಕತ್ತಾರ."

"ಮಾಡ್ಲಿ ಬಿಡು. ಆಕಿನ್ನ ಬಿಸಿಲಾಗ ನಿಂದರಿಸಿದಾಗೂ ಮಾಡಿದ್ರಲ್ಲ."

ಮಗ ಕೈ ಬಿಟ್ಟ. ಅಪ್ಪನ ಪಕ್ಕದಲ್ಲೇ ನೀರಲ್ಲಿ ನಿಂತು ಸಣ್ಣ ಕೂಸಿನ ಹಾಗೆ ಅತ್ತ. ಮರುದಿನ ಬೆಳಿಗ್ಗೆ ಬಾಗೇವಾಡಿಗೆ, ನನ್ನ ತವರಿಗೆ ಹೋದವನು ಇನ್ನೂ ಬಂದಿಲ್ಲ. ಫೋನು ಎತ್ತುವುದಿಲ್ಲ. ಅವನಿಗೆ ಅಪ್ಪನ ಮೇಲೆ ಸಿಟ್ಟೋ, ತನ್ನ ಮೇಲೆ ಸಿಟ್ಟೋ ನನಗೆ ತಿಳಿಯದು.

ಈಗ ಗೌಡರು ಹೇಳಲಿರುವ ಕಥೆ ಕೇಳು. ಇವರು ಹೊಳೆಗೆ ಇಳಿದ ಮೂರನೆಯ ದಿನ ಚಾವಡಿಯಲ್ಲಿ ಗೌಡರು, "ದೇವರು ತಾನಾಗಿ ಹೊಳಿಗೆ ಹೋಗೇತಿ. ಶಂಕರೆಪ್ಪನ ಹೆಗಲು ನೆಪ ಅಷ್ಟ. ಹಳೇದು ಹೋತು, ಹೊಸಾದು ಮಾಡಸೂನು. ಇದರಾಗ ಯಾರದೂ ತಪ್ಪಿಲ್ಲ" ಎಂದರು. ಎಲ್ಲರಿಗೂ ಹಗುರಾಯಿತು. ಹೊಸ ಪಂಜಾ ಕೂರಿಸಲು ಓದಿಕೆ ಮಾಡುವ ಮುಲ್ಲಾ ಮನೆತನ ಬೇಕಲ್ಲ, ಅದಕ್ಕೇ ನಿನ್ನ ನೆನಪಾಗಿದೆ. ನಾನು ಗೌಡರ ಮನೆಗೆ ಹೋಗಿ, ಮಾಬುಬಿಯನ್ನು ನಿಲ್ಲಿಸಿದ ಜಾಗದಲ್ಲೇ ನಿಂತು, ಅವಳು ಕದ್ದಿಲ್ಲ, ನಾವು ತಪ್ಪು ಮಾಡಿದೆವು ಎಂದು ಊರು ಹೇಳಲಿ, ಆಮೇಲೆ ಕರೆಯಿರಿ ಎಂದೆ. "ಹಳೇದು ಕೆದರಬ್ಯಾಡವ್ವ. ನಿನ್ನ ಗಂಡಂದ ಮಾನ ಹೊಕ್ಕೈತಿ" ಎಂದರು. ಹೋಗಲಿ ಎಂದೆ. ಅವರು ಒಳಗೆ ಎದ್ದು ಹೋದರು.

ಬರುವುದು ಬಿಡುವುದು ನಿನಗೆ ಬಿಟ್ಟದ್ದು. ನಿನ್ನ ಮನೆಯ ಬಾಗಿಲಿಗೆ ಗೆದ್ದಲು ಹತ್ತಿತ್ತು, ಸೀಮೆಎಣ್ಣೆ ಹಚ್ಚಿದ್ದೇನೆ. ಹಾಗೆಂದು ಬರಬೇಕೆಂದಿಲ್ಲ. ಸೀರೆ ತೊಗೊಂಡು ಗಾಡಿ ತಿರುಗಿಸಿ ಕಳಿಸಿದರೂ ನಿನ್ನನ್ನು ತಪ್ಪು ಅನ್ನುವ ಬಾಯಿ ನನಗಿಲ್ಲ.

ಇವರ ಕೈಯ ನಡುಕ ಆ ಸಂಜೆಯೇ ನಿಂತಿತು. ಈಗ ಊಟ ಮಾಡುತ್ತಾರೆ, ನಿದ್ದೆ ಮಾಡುತ್ತಾರೆ. ಟಿಕೆಟ್ಟಿನ ಮಾತು ಎತ್ತುವುದಿಲ್ಲ. ಆ ಮುಖಂಡರೂ ಫೋನು ಮಾಡಿಲ್ಲ. ಇವರು ಹಗುರಾಗಿದ್ದಾರೆ. ನನಗೆ ಮಾತ್ರ ಕಣ್ಣು ಮುಚ್ಚಿದರೆ ಸಗೀರಾಳ ಬಟ್ಟೆ ಝಾಡಿಸುವ ಸಪ್ಪಳ ಕೇಳುತ್ತದೆ.

ತಂಗಿ ಎಂದು ಸಹಿ ಮಾಡಲು ಕೈ ಬರುತ್ತಿಲ್ಲ.

ಸುನಂದಾ

ತಾ.ಕ.: ಸಗೀರಾ, ಇದನ್ನೂ ಓದವ್ವ. ಬೆಳ್ಳಿಯನ್ನು ನಿಮ್ಮಮ್ಮ ಮಾರಿದಳು ಎಂಬ ಮಾತು ಊರಲ್ಲಿ ತಾನಾಗಿ ಹುಟ್ಟಲಿಲ್ಲ. ಪಂಜಾ ಹೋದ ದಿನವೇ ನಳದ ಹತ್ತಿರ ಹೆಂಗಸರು, ಯಾರಿರಬಹುದು, ಹೊಳೆಯ ಕಡೆ ಯಾರೋ ಹೋದದ್ದನ್ನು ಕಂಡವರಿದ್ದಾರಂತೆ ಎನ್ನುತ್ತಿದ್ದರು. ಇನ್ನೊಂದು ಮಾತಿಗೆ ಇವರ ಹೆಸರು ಬರುತ್ತಿತ್ತು. ಕೊಡ ಎತ್ತಿಕೊಳ್ಳುತ್ತ ನಾನೇ ಅಂದೆ: "ಮಾಬುಬಿ ಮಗಳ ಲಗ್ನ ಬಂದೈತಲ್ಲ ಈಗ." ಅಷ್ಟೇ ಅಂದೆ. ಉಳಿದದ್ದನ್ನು ಅವರೇ ಸೇರಿಸಿಕೊಂಡರು. ಹಾಗೆ ಅನ್ನು ಎಂದು ಇವರು ನನಗೆ ಹೇಳಿರಲಿಲ್ಲ. ನಾನು ಅಂದದ್ದು ಇವರಿಗೆ ಇವತ್ತಿಗೂ ಗೊತ್ತಿಲ್ಲ. ಇವರು ಹೊಳೆಯಲ್ಲಿ ನಿಂತು ಎಲ್ಲರ ಮುಂದೆ ಹೇಳಿದಾಗ ನಾನು ದಂಡೆಯ ಮೇಲೆ ಆ ಹೆಂಗಸರ ನಡುವೆಯೇ ಇದ್ದೆ. ಅವರೆಲ್ಲ ನನ್ನ ಬೆನ್ನು ಸವರಿ ಸಮಾಧಾನ ಮಾಡಿದರು.