ಕರಿಯ ಕಳೆದುಹೋದ ಮೇಲೆ

ಧರ್ಮಪುರ
೨೫-೨-೧೯೭೪

ಪ್ರೀತಿಯ ಅಕ್ಕ ಕಾಳಕ್ಕನಿಗೆ ತಮ್ಮ ಚಿತ್ರಲಿಂಗನ ನಮಸ್ಕಾರಗಳು.

ಹೊಳಲ್ಕೆರೆಯಿಂದ ನೀನು ಬರೆದ ಎರಡು ಕಾಗದವೂ ಬಂದವು. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ಕೂಲು ಬಿಟ್ಟಾಯಿತು, ಹಿರಿಯೂರಿನ ಸೈಕಲ್ ಶಾಪನ್ನೂ ಬಿಟ್ಟೆ, ಪುರುಸೊತ್ತು ಬೇಕಾದಷ್ಟಿದೆ. ನೀನು ಬಾಣಂತಿ, ತಿಳಿಸಬೇಡ ಎಂದು ಅಪ್ಪ ಅಂದಿದ್ದ. ಮುಚ್ಚಿಡುವುದು ನನ್ನಿಂದಾಗದು. ಅವ್ವನಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಕುರಿ ಕಾಯುವ ನಾಯಿ ಕರಿಯ ಅವ್ವನ ಕಾಲಿಗೆ ಬಾಯಿ ಹಾಕಿತು. ನಮ್ಮನ್ನೆಲ್ಲ ಹುಟ್ಟಿದಾಗಿನಿಂದ ನೋಡುತ್ತಿರುವ ಮೂರ್ತಪ್ಪ ಡಾಕ್ಟರು ಗಾಯ ತೊಳೆದು, "ನಾಯಿ ಕಟ್ಟಾಕಿ ಹತ್ತು ದಿನ ನೋಡ್ರಿ. ಚೆನ್ನಾಗಿದ್ರೆ ಸೂಜಿ ಬ್ಯಾಡ" ಎಂದರು. ಮಾರನೆಯ ದಿನ ಅಪ್ಪ ಹೋಗಿ, "ನಾಯಿ ಎಲ್ಲೋ ಕಳೆದೋಯ್ತು ಸಾರ್" ಎಂದ. ಡಾಕ್ಟರು ಅವತ್ತೇ ಅವ್ವನ ಹೊಕ್ಕುಳ ಸುತ್ತ ದಿನಕ್ಕೊಂದು ಸೂಜಿ ಶುರು ಮಾಡಿದರು. ಅದು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅವ್ವನಿಗೆ ಏಳಲಾಗಲಿಲ್ಲ. ಸೂಜಿಯಿಂದಲೇ ಆದದ್ದು, ಕಾಲು ಬರುವುದು ಅನುಮಾನ ಎಂದು ದುರ್ಗದ ದೊಡ್ಡಾಸ್ಪತ್ರೆಯಲ್ಲಿ ಹೇಳಿದರು.

ನಾನು ಡಾಕ್ಟರ ಬಾಗಿಲಲ್ಲಿ ನಿಂತು ಕೂಗಾಡಿದೆ. "ಹಿಂಗಾಗ್ತೈತೆ ಅಂತ ಗೊತ್ತಿರಲಿಲ್ವಾ ನಿಮಗೆ?"

"ಗೊತ್ತಿತ್ತು ಕಣಪ್ಪ. ಸಾವಿರಾರು ಜನದಾಗೆ ಒಬ್ರಿಗೆ. ಹುಚ್ಚುನಾಯಿ ರೋಗ ಬಂದ್ರೆ ಒಬ್ರೂ ಉಳಿಯಲ್ಲ. ನಾಯಿ ಕಣ್ಣೆದುರಿಗಿಲ್ಲ. ಏನು ಮಾಡಬೇಕಿತ್ತು, ನೀನೇ ಹೇಳು."

ಈಗ ಅವರು ಪ್ರತಿ ಸೋಮವಾರ ಬಂದು ಅವ್ವನ ಅಂಗಾಲು ಗೀರಿ, "ಗೊತ್ತಾಗ್ತೈತಾ ಬರಗೇರಮ್ಮ?" ಎನ್ನುತ್ತಾರೆ. ಅವರ ಮುಖ ನೋಡಲಾರದೆ ಅವ್ವ "ಹೂಂ ಸಾರ್" ಎಂದು ಸುಳ್ಳು ಹೇಳುತ್ತಾಳೆ. ಬರೀ ಜ್ವರಕ್ಕೆ ಹೋದವರನ್ನೂ ಅವರು ದುರ್ಗಕ್ಕೆ ಕಳಿಸುತ್ತಿದ್ದಾರಂತೆ.

ಭಾವನಿಗೆ ನಮಸ್ಕಾರ. ನಿನ್ನ ಕೂಸು ನೂರು ವರ್ಷ ನಡೆದಾಡಲಿ.

ಇಂತಿ ನಿನ್ನ ತಮ್ಮ,
ಚಿತ್ರಲಿಂಗ

ಮತ್ತೆ: ಈ ಕಾಗದ ಡಬ್ಬಿಗೆ ಹಾಕುವ ಮೊದಲೇ ಕಾಟಯ್ಯ ಮಾವನ ಕುರಿಹಿಂಡು ಆಂಧ್ರದ ಕಡೆಯಿಂದ ವಾಪಸು ಬಂತು. ಹಿಂಡಿನ ಮುಂದೆ ಕರಿಯ. ಕಚ್ಚಿದ ದಿನವೇ ಅಪ್ಪ ಅದನ್ನು ಮಾವನ ಜೊತೆ ಸಾಗಿಸಿದ್ದ. "ಕಟ್ಟಾಕಿದ್ರೆ ಊರೋರು ಹೊಡೆದು ಸಾಯಿಸ್ತಿದ್ರು ಕಣಲೇ. ತೋಳ ಬಂದ್ರೆ ಕುರಿಗೆ ಯಾರು ದಿಕ್ಕು? ಸೂಜಿ ಹಾಕಿದ್ರೆ ನಿಮ್ಮವ್ವನೂ ಉಳೀತಾಳೆ ಅಂದ್ಕಂಡೆ" ಎಂದ. ಡಾಕ್ಟರಿಗೆ ಹೇಳಬೇಡ ಎಂದು ಕೈ ಮುಗಿದ. ನಾನು ಹೋಗಿ ಹೇಳಿದೆ.

ಅವರು ಕೇಳಿದ್ದು ಒಂದೇ. "ನಾಯಿ ನೀರು ಕುಡೀತೈತಾ?"

"ಕುಡೀತೈತೆ ಸಾರ್."

ಗೋಡೆ ಹಿಡಿದು ಕುಳಿತುಬಿಟ್ಟರು. ಅಪ್ಪ ಕುರಿಹಟ್ಟಿಯಿಂದ ಮನೆಗೆ ಬಂದಿಲ್ಲ. ಕರಿಯ ಮಾತ್ರ ಅವ್ವನ ಬಳಿಯೇ ಇದೆ. ಅವಳ ಪಾದ ನೆಕ್ಕುತ್ತದೆ. ಅವಳಿಗೆ ತಿಳಿಯುವುದಿಲ್ಲ.